ಇದ್ದಿಲು, ಕನ್ನಡಿ, ಕಾರ್ಟ್ರಿಜ್ ಶೀಟು: ದಾವಣಗೆರೆಯಲ್ಲಿ ಸಿಗುವ ಸಾಮಾನಿನಿಂದ ನಮ್ಮ ಮುಖ ನಾವೇ ಬರೆಯುವುದು

ಕನ್ನಡಿ ಮುಂದೆ ಕೂತು ತನ್ನ ಮುಖವನ್ನು ಕಪ್ಪು-ಬಿಳುಪಿನಲ್ಲಿ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಜಿಪ್ ಹಾಕಿದ ಸ್ಕೆಚಿಂಗ್ ಕಿಟ್. ತೆರೆದರೆ ಎಚ್‌ನಿಂದ 8ಬಿವರೆಗೆ ಸಾಲಾಗಿ ಪೆನ್ಸಿಲ್ಲುಗಳು, ಒಂದೆರಡು ಚಾರ್ಕೋಲ್ (ಇದ್ದಿಲು) ಪೆನ್ಸಿಲ್, ಛಾಯೆ ತಿಕ್ಕಲು ಕಾಗದದ ಸ್ಟಂಪ್, ಶಾರ್ಪ್‌ನರ್. ನೋಡಲು ಚೆಂದ. ಆದರೆ ಭಾವ ತುಂಬಿದ ಮುಖ ಬೇಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಡಬ್ಬಿಯಲ್ಲೇ ಉಳಿಯುತ್ತದೆ. ಗ್ರಾಫೈಟ್ ಪೆನ್ಸಿಲ್ ಎಷ್ಟು ಒತ್ತಿದರೂ ಗಾಢ ಬೂದಿಗಿಂತ ಕೆಳಗೆ ಇಳಿಯುವುದಿಲ್ಲ. ಒತ್ತಿದಷ್ಟೂ ಕಾಗದದ ಮೇಲೆ ಹೊಳಪು ಬರುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ, ಅತಿ ಕಪ್ಪಾಗಿರಬೇಕಾದ ಜಾಗವೇ ಬೆಳ್ಳಿಯಂತೆ ಮಿನುಗಿ ಚಿತ್ರ ತಲೆಕೆಳಗಾಗುತ್ತದೆ. ಇದ್ದಿಲಿಗೆ ಈ ರೋಗ ಇಲ್ಲ. ಅದು ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಆದ್ದರಿಂದ ಕಿಟ್ಟಿಗೆ ಹಾಕುವ ದುಡ್ಡನ್ನು ಕನ್ನಡಿಗೂ ಕಾಗದಕ್ಕೂ ಹಾಕಬೇಕು ಎಂಬುದೇ ಈ ವಿಮರ್ಶೆಯ ತೀರ್ಪು. ಮುಂದಿನದೆಲ್ಲ ಅದಕ್ಕೆ ಕಾರಣ.

ದಾವಣಗೆರೆಯಲ್ಲಿ ಸಾಮಾನಿಗೇನೂ ಬರವಿಲ್ಲ. ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇರುವ ಊರು ಇದು. ಚಿತ್ರಕಲೆ ವಿದ್ಯಾರ್ಥಿಗಳು ಹೋಗಿಬರುವ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಬೇಕಾದ್ದು ಸಿಗುತ್ತದೆ. ಶಾಲಾ ಪುಸ್ತಕದ ಅಂಗಡಿಯಲ್ಲಿ ‘ಚಾರ್ಕೋಲ್’ ಎಂದರೆ ಚಾರ್ಕೋಲ್ ಪೆನ್ಸಿಲ್ ಕೊಟ್ಟು ಕಳಿಸಬಹುದು. ‘ಸ್ಟಿಕ್ ಬೇಕು’ ಎಂದು ಬಾಯಿಬಿಟ್ಟು ಕೇಳಬೇಕು.

ಮೊದಲು ಕನ್ನಡಿ, ಏಕೆಂದರೆ ಹೆಚ್ಚು ಚಿತ್ರ ಕೆಡುವುದು ಅಲ್ಲಿಂದಲೇ. ಮನೆಯ ಬೀರು ಬಾಗಿಲಿನ ಕನ್ನಡಿ ಎಷ್ಟೋ ಸಲ ತೆಳು ಗಾಜಿನದು. ತಗಡಿನ ಮೇಲೆ ಅಂಟಿಸಿರುವುದರಿಂದ ಒಂದಿಷ್ಟು ಬಾಗಿರುವುದೂ ಉಂಟು. ತಲೆ ಬಾಚಲು ಈ ಬಾಗು ಅಡ್ಡಿಯಲ್ಲ, ಚಿತ್ರಕ್ಕೆ ಅಡ್ಡಿ. ತಲೆಯನ್ನು ಎರಡು ಬೆರಳು ಆಚೀಚೆ ಸರಿಸಿದರೆ ದವಡೆ ಅಗಲವಾಗುತ್ತದೆ, ಮೂಗು ಸೊಟ್ಟಗಾಗುತ್ತದೆ, ಬರೆಯುವವರು ತಮ್ಮ ಕೈಯನ್ನೇ ಶಂಕಿಸುತ್ತಾರೆ. ಪರೀಕ್ಷೆ ಸುಲಭ. ಕನ್ನಡಿಯಲ್ಲಿ ಟ್ಯೂಬ್‌ಲೈಟ್ ಅಥವಾ ಕಿಟಕಿಯ ಸರಳು ಓರೆಯಾಗಿ ಕಾಣುವಂತೆ ನಿಂತು ತಲೆಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ನೆಟ್ಟಗಿರುವ ಗೆರೆ ಹಾವಿನಂತೆ ಹರಿದರೆ ಆ ಕನ್ನಡಿ ಬೇಡ. ಬಚ್ಚಲುಮನೆಯ ಪುಟ್ಟ ಕ್ಯಾಬಿನೆಟ್ ಕನ್ನಡಿಯೂ ಬೇಡ. ಅದು ಇರುವ ಜಾಗದಲ್ಲಿ ಬೆಳಕು ತಲೆಯ ಮೇಲಿಂದಲೇ ಬೀಳುತ್ತದೆ. ಪ್ಲಾಸ್ಟಿಕ್ಕಿನ ಅಂಟಿಸುವ ಕನ್ನಡಿಯಂತೂ ಗೋಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ತಾನೂ ಉಬ್ಬುತ್ತದೆ.

ಗಾಜಿನ ಅಂಗಡಿಯಲ್ಲಿ ಕನ್ನಡಿ ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಕೇಳಬೇಕಾದದ್ದು 4 ಅಥವಾ 5 ಮಿಲಿಮೀಟರ್ ದಪ್ಪದ ತುಂಡು, 12 ಇಂಚು ಅಗಲ, 18 ಇಂಚು ಎತ್ತರ. ಅಂದರೆ ಒಂದೂವರೆ ಚದರ ಅಡಿ. ಇದಕ್ಕಿಂತ ದೊಡ್ಡದು ಯಾಕೆ ಬೇಡ ಎಂದರೆ, ಕನ್ನಡಿಯ ಮೇಲ್ಮೈಯಲ್ಲಿ ನಮ್ಮ ಮುಖ ಹಿಡಿಯುವ ಜಾಗ ಮುಖದ ನಿಜ ಅಳತೆಯ ಸರಿಯಾಗಿ ಅರ್ಧ. ಹತ್ತಿರ ಹೋದರೂ ದೂರ ಸರಿದರೂ ಆ ಅರ್ಧ ಬದಲಾಗುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಕಣ್ಣು ಮುಚ್ಚಿ, ಸೋಪಿನ ಚೂರಿನಿಂದ ಕನ್ನಡಿಯ ಮೇಲೆ ನೆತ್ತಿಗೊಂದು, ಗದ್ದಕ್ಕೊಂದು ಗುರುತು ಹಾಕಿ ಸ್ಕೇಲು ಇಟ್ಟು ನೋಡಿ. 22 ಸೆಂಟಿಮೀಟರ್ ತಲೆಗೆ 11 ಸೆಂಟಿಮೀಟರ್ ಬರುತ್ತದೆ. ಹಾಗಾಗಿ ಒಂದಡಿ ಅಗಲದಲ್ಲಿ ತಲೆ, ಕುತ್ತಿಗೆ, ಎರಡೂ ಭುಜ ಧಾರಾಳವಾಗಿ ಹಿಡಿಸುತ್ತವೆ. ಬೇರೆಯವರಿಗೆ ಕತ್ತರಿಸಿ ಉಳಿದ ತುಂಡು ಇದೆಯೇ ಎಂದು ಕೇಳಿದರೆ ಇನ್ನೂ ಕಡಿಮೆಗೆ ಸಿಗಬಹುದು. ಅಂಚು ಉಜ್ಜಿಸಿಕೊಂಡೇ ತನ್ನಿ, ಉಜ್ಜದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಹಿಂಬದಿಯ ಬಣ್ಣ ಗೀಚಿದೆಯೇ ನೋಡಿಕೊಳ್ಳಿ. ಗೀಚಿದ ಜಾಗದಿಂದಲೇ ತೇವ ಒಳಹೊಕ್ಕು ಕರಿ ಚುಕ್ಕೆ ಏಳುತ್ತದೆ.

ಕನ್ನಡಿಯ ಬದಲು ಮೊಬೈಲಿನ ಸೆಲ್ಫಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕೈ ಚಾಚಿದಷ್ಟೇ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಹತ್ತಿರ, ಕಿವಿ ದೂರ. ಮೂಗು ಉಬ್ಬಿ ಕಿವಿ ಹಿಂದಕ್ಕೆ ಸರಿಯುತ್ತದೆ. ಕನ್ನಡಿಯಿಂದ 65 ಸೆಂಟಿಮೀಟರ್ ದೂರ ಕೂತರೆ ಬಿಂಬ ಇರುವುದು ಕಣ್ಣಿನಿಂದ 130 ಸೆಂಟಿಮೀಟರ್ ದೂರದಲ್ಲಿ. ಎದುರು ಕುರ್ಚಿಯಲ್ಲಿ ಕೂತವರನ್ನು ನೋಡಿದಂತೆ, ಪ್ರಮಾಣ ಸರಿಯಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋಟೊದಲ್ಲಿ ನೆರಳಿನ ಜಾಗವೆಲ್ಲ ಒಂದೇ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಕಣ್ಣಿಗಾದರೆ ಆ ನೆರಳಿನೊಳಗೂ ದವಡೆಯ ಅಂಚು, ಕಿವಿಯ ಹಾಲೆ ಕಾಣುತ್ತವೆ. ಎಡ-ಬಲ ಅದಲುಬದಲಾಗುವುದು ನಿಜ. ಬೈತಲೆ ಇನ್ನೊಂದು ಕಡೆಗೆ, ಅಂಗಿಯ ಗುಂಡಿ ಇನ್ನೊಂದು ಕಡೆಗೆ. ಅದನ್ನು ಸರಿಪಡಿಸಲು ಹೋಗಬೇಡಿ. ಕಂಡಂತೆ ಬರೆಯಿರಿ.

ಇಡುವ ಕ್ರಮವೂ ಕೊಳ್ಳುವಷ್ಟೇ ಮುಖ್ಯ. ಕನ್ನಡಿಯ ನಡುಭಾಗ ಕಣ್ಣಿನ ಮಟ್ಟಕ್ಕೆ, ನೆಟ್ಟಗೆ ನಿಲ್ಲಲಿ. ಗೋಡೆಗೆ ಒರಗಿಸಿ ಹಿಂದಕ್ಕೆ ವಾಲಿಸಿದರೆ ಮುಖವನ್ನು ಕೆಳಗಿನಿಂದ ನೋಡಿದಂತೆ ಆಗಿ ಮೂಗಿನ ಹೊಳ್ಳೆಗಳೇ ಮೊದಲು ಕಾಣುತ್ತವೆ. ಗರ್ವದ ಭಾವ ಬೇಕೆಂದರೆ ಅದೂ ಒಂದು ದಾರಿ, ಆದರೆ ತಿಳಿದು ಮಾಡಿದ್ದಾಗಿರಬೇಕು. ಬಲಗೈಯವರಿಗೆ ಕನ್ನಡಿ ಎಡಕ್ಕೆ, ಹಲಗೆ ಬಲಕ್ಕೆ. ಎಡಗೈಯವರಿಗೆ ಇದರ ಉಲ್ಟಾ. ಇಲ್ಲದಿದ್ದರೆ ಪ್ರತಿ ಸಲವೂ ಸ್ವಂತ ತೋಳಿನ ಆಚೆಗೆ ಇಣುಕಬೇಕು. ಹಲಗೆ ಕನ್ನಡಿಯ ಪಕ್ಕದಲ್ಲೇ, ಅದರಂತೆಯೇ ನೆಟ್ಟಗೆ ನಿಲ್ಲಬೇಕು. ನೋಟ ಕನ್ನಡಿಯಿಂದ ಕಾಗದಕ್ಕೆ ಬರುವಾಗ ಕಣ್ಣು ಮಾತ್ರ ಚಲಿಸಬೇಕು, ತಲೆ ಚಲಿಸಬಾರದು. ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆದ ಚಿತ್ರಗಳನ್ನು ದೂರದಿಂದಲೇ ಗುರುತಿಸಬಹುದು: ರೆಪ್ಪೆ ಇಳಿದಿರುತ್ತದೆ, ಕಾಗದವನ್ನು ಓರೆಯಾಗಿ ನೋಡಿದ್ದರಿಂದ ಮುಖ ಉದ್ದವಾಗಿರುತ್ತದೆ. ಕುರ್ಚಿಯ ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಕನ್ನಡಿಯ ಮೇಲೆ ಕಣ್ಣಿನ ಒಳಮೂಲೆ ಬರುವ ಕಡೆ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ಎದ್ದು ನೀರು ಕುಡಿದು ಬಂದ ಮೇಲೆ ಒಂದು ಕಣ್ಣು ಮುಚ್ಚಿ ಆ ಚುಕ್ಕೆಗೆ ಕಣ್ಣಿನ ಮೂಲೆ ಕೂಡಿಸಿದರೆ ತಲೆ ತನ್ನ ಜಾಗಕ್ಕೆ ಬಂದಂತೆ.

ನಲವತ್ತು ದಾಟಿದವರಿಗೆ ಒಂದು ತೊಡಕು ಉಂಟು. ಓದುವ ಕನ್ನಡಕ ಹಾಕಿದರೆ ಕಾಗದ ಸ್ಪಷ್ಟ, ಕನ್ನಡಿಯೊಳಗಿನ ಮುಖ ಮಸುಕು. ತೆಗೆದರೆ ಉಲ್ಟಾ. ಮೊದಲ ಮುಕ್ಕಾಲು ಗಂಟೆ ಕನ್ನಡಕ ತೆಗೆದೇ ಬರೆಯಿರಿ. ದೊಡ್ಡ ನೆರಳುಗಳನ್ನು ಕೂಡಿಸುವಾಗ ಕೈಯ ಬುಡದ ಮಸುಕು ಅಡ್ಡಬರುವುದಿಲ್ಲ, ಬದಲಿಗೆ ರೆಪ್ಪೆಕೂದಲು ಎಣಿಸುವ ಚಟವನ್ನು ತಡೆಯುತ್ತದೆ.

ಬೆಳಕಿನ ವಿಷಯಕ್ಕೆ ಬಂದರೆ, ಪರದೇಶದ ಪಾಠಗಳೆಲ್ಲ ‘ಉತ್ತರದ ಕಿಟಕಿ’ ಎನ್ನುತ್ತವೆ. ಅಲ್ಲಿಗೆ ಅದು ಸರಿ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಕಿಟಕಿಯ ಸಜ್ಜ ತಡೆದರೂ, ಬೆಳಿಗ್ಗೆ ಮತ್ತು ಇಳಿಹೊತ್ತಿನ ಓರೆ ಬಿಸಿಲು ಉತ್ತರದ ಕಿಟಕಿಯೊಳಗೂ ನುಗ್ಗುತ್ತದೆ. ಎರಡು ಗಂಟೆ ಕೂತು ಬರೆಯುವಷ್ಟರಲ್ಲಿ ಮೂಗಿನ ನೆರಳು ಕೆನ್ನೆಯ ಮೇಲೆ ಊರು ಬಿಟ್ಟು ಊರಿಗೆ ಹೋಗಿರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಉತ್ತರದ ಕಿಟಕಿಯನ್ನು ನಂಬಬಹುದು. ಉಳಿದಂತೆ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ ಬೆಳಕನ್ನು ಸೋಸಿಕೊಳ್ಳಿ. ಅದಕ್ಕಿಂತ ಒಳ್ಳೆಯದು ರಾತ್ರಿ ಕೂರುವುದು. ಒಂದೇ 9 ವ್ಯಾಟಿನ ಎಲ್‌ಇಡಿ ಬಲ್ಬು, ಮುಖದಿಂದ ಮೂರಡಿ ದೂರ, ಕಣ್ಣಿಗಿಂತ ಒಂದಡಿ ಮೇಲೆ, ಒಂದು ಬದಿಗೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಇದ್ದರೆ ಮೂಗಿಗೆ ಎರಡು ನೆರಳು ಬಿದ್ದು ಮುಖದ ಆಕಾರವೇ ಚೂರಾಗುತ್ತದೆ. ಕಾಗದಕ್ಕೆ ಬೇರೆ ದೀಪ ಬೇಕೆನಿಸಿದರೆ ರಟ್ಟಿನ ತುಂಡಿನಿಂದ ಮರೆಮಾಡಿ, ಅದು ಮುಖಕ್ಕೆ ಬೀಳದಂತೆ ನೋಡಿಕೊಳ್ಳಿ.

ಹೊಸ ಮನೆಗಳಲ್ಲಿ ಇನ್ನೊಂದು ಕಳ್ಳ ಬೆಳಕಿದೆ, ನೆಲದ್ದು. ಹೊಳೆಯುವ ಬಿಳಿ ಟೈಲ್ಸ್ ಕಿಟಕಿಯ ಬೆಳಕನ್ನು ಹಿಡಿದು ಗದ್ದದ ಕೆಳಕ್ಕೆ ಎಸೆಯುತ್ತದೆ. ಗದ್ದದ ಕೆಳಗಿನ ನೆರಳು ಮುಖವನ್ನು ಕುತ್ತಿಗೆಯಿಂದ ಬಿಡಿಸಿ ಮುಂದಕ್ಕೆ ತರುವ ನೆರಳು. ಅದು ಹೋದರೆ ತಲೆ ಕುತ್ತಿಗೆಗೆ ಅಂಟಿದ ಹಿಟ್ಟಿನ ಮುದ್ದೆ. ಕಾಲಡಿಗೆ ಒಂದು ಕರಿ ಕಂಬಳಿ ಹಾಸಿ, ಇನ್ನೊಂದನ್ನು ಬೆನ್ನ ಹಿಂದೆ ತೂಗುಹಾಕಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಗಿಂತ ಒಳ್ಳೆಯ ಕಪ್ಪು ಪರದೆ ಯಾವ ಸ್ಟುಡಿಯೊದಲ್ಲೂ ಸಿಗದು. ಒರಟು ಉಣ್ಣೆ ಬೆಳಕನ್ನು ಪೂರ್ತಿ ಹೀರಿಕೊಳ್ಳುತ್ತದೆ. ಸ್ಯಾಟಿನ್ ಬಟ್ಟೆ, ಕಪ್ಪು ಪ್ಲಾಸ್ಟಿಕ್ ಹಾಳೆ ಎರಡೂ ಮಡಿಕೆ ಮಡಿಕೆಯಲ್ಲಿ ಮಿನುಗುತ್ತವೆ.

ಕಾಗದ. ಇದರಲ್ಲಿ ಅಗ್ಗದ್ದು ಕೊಂಡರೆ ಉಳಿದ ಖರ್ಚೆಲ್ಲ ದಂಡ. ಇದ್ದಿಲು ಕಾಗದಕ್ಕೆ ಇಂಕಿನ ಹಾಗೆ ಇಳಿಯುವುದಿಲ್ಲ, ಕಾಗದದ ತರಿಯಲ್ಲಿ ಪುಡಿಯಾಗಿ ಕೂರುತ್ತದೆ. ತರಿ ಇಲ್ಲದಿದ್ದರೆ ಕೂರಲು ಜಾಗವೇ ಇಲ್ಲ. ಶಾಲೆಗೆ ಒಯ್ಯುವ ಬಿಳಿ ಚಾರ್ಟ್ ನುಣುಪು. ಎರಡು ಪದರ ಹಚ್ಚುವಷ್ಟರಲ್ಲಿ ಮೂರನೆಯದು ಜಾರುತ್ತದೆ, ಕಪ್ಪು ಎಲ್ಲಿಯೂ ಕಪ್ಪಾಗುವುದಿಲ್ಲ. ಕ್ಯಾಲೆಂಡರಿನ ಹಿಂಬದಿ ಅದಕ್ಕಿಂತ ಕಡೆ. ಜೆರಾಕ್ಸ್ ಹಾಳೆ ರಬ್ಬರಿಗೆ ತಡೆಯದೆ ಹರಿಯುತ್ತದೆ. ಚಿತ್ರ ಬರೆಯಲೆಂದೇ ಮಾರುವ ದಪ್ಪ ಕಾಗದ ಕಾರ್ಟ್ರಿಜ್ ಶೀಟು 130ರಿಂದ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. 22×30 ಇಂಚಿನ ಪೂರ್ತಿ ಶೀಟನ್ನು ಅರ್ಧ ಮಾಡಿದರೆ 15×22, ಮುಖ ಹೆಚ್ಚುಕಡಿಮೆ ನಿಜ ಗಾತ್ರಕ್ಕೆ ಬರುತ್ತದೆ. ಎ4 ಹಾಳೆಯಲ್ಲಿ ಬರೆದರೆ ಬೆರಳಷ್ಟೇ ಆಡುತ್ತದೆ. ಭಾವ ಬರುವುದು ಭುಜದಿಂದ ಕೈ ಬೀಸಿದಾಗ. ಕೈಯಲ್ಲಿ ತಯಾರಿಸಿದ ಕಾಗದ ಸಿಕ್ಕರೆ ಒಂದು ಶೀಟು ತಂದು ನೋಡಿ. ಕಪ್ಪು ಮಖಮಲ್ಲಿನಂತೆ ಬರುತ್ತದೆ, ಆದರೆ ಕೆಲವು ಶೀಟುಗಳ ಮೇಲ್ಮೈ ರಬ್ಬರು ತಾಗಿದ ಕೂಡಲೇ ಹಿಂಜಿ ಏಳುತ್ತದೆ. ಬ್ರೌನ್ ಶೀಟು ಅಭ್ಯಾಸಕ್ಕೆ ಚೆನ್ನ, ಇಟ್ಟುಕೊಳ್ಳುವ ಚಿತ್ರಕ್ಕಲ್ಲ. ವರ್ಷಗಳು ಕಳೆದಂತೆ ಕಂದಿ ಪುಡಿಯಾಗುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸುವ ಒಂದು ಉಪಾಯ: ಶೀಟಿನ ಮೂಲೆಯ ಒಂದು ಚೂರು ಕೇಳಿ, ಅದರ ಮೇಲೆ ಇದ್ದಿಲಿನ ಅಡ್ಡ ಬದಿಯನ್ನು ಮೂರು ಸಲ ಉಜ್ಜಿ, ಬಟ್ಟೆಯಿಂದ ಒರೆಸಿ, ಮತ್ತೆ ಉಜ್ಜಿ, ಆಮೇಲೆ ರಬ್ಬರಿನಿಂದ ಒಂದು ಗೆರೆ ತೆಗೆಯಿರಿ. ಗೆರೆ ಬಿಳಿಯ ಹತ್ತಿರಕ್ಕೆ ಬಂದು, ಕಾಗದ ನೂಲು ಏಳದಿದ್ದರೆ ಕೊಳ್ಳಿ. ಮಡಚಿಸಿಕೊಳ್ಳಬೇಡಿ, ಸುತ್ತಿಸಿಕೊಳ್ಳಿ. ಮಡಿಕೆಯಾದ ಕಡೆ ಇದ್ದಿಲು ಕರಿ ಗೆರೆಯಾಗಿ ತುಂಬಿಕೊಂಡು ಏನು ಮಾಡಿದರೂ ಹೋಗುವುದಿಲ್ಲ. ಹಲಗೆಗೆ ಪ್ಲೈವುಡ್ ಅಂಗಡಿಯ 18×24 ಇಂಚಿನ ತುಂಡು ಸಾಕು. ಪರೀಕ್ಷೆಗೆ ಒಯ್ಯುವ ಪ್ಯಾಡ್ ಚಿಕ್ಕದು. ಶೀಟಿನ ಕೆಳಗೆ ಮೂರು ನಾಲ್ಕು ಹಾಳೆ ಹಾಸಿರಿ, ಇಲ್ಲದಿದ್ದರೆ ಪ್ಲೈವುಡ್ಡಿನ ಎಳೆಯೂ ಮೊಳೆಯ ಗುಂಡಿಯೂ ಕೆನ್ನೆಯ ಮೇಲೆ ಅಚ್ಚಾಗುತ್ತವೆ.

ಇದ್ದಿಲಿನಲ್ಲಿ ಎರಡು ಜಾತಿ, ಎರಡೂ ಬೇಕು. ವಿಲೋ ಅಥವಾ ವೈನ್ ಚಾರ್ಕೋಲ್ ಎಂದು ಮಾರುವುದು ಸುಟ್ಟ ಕಡ್ಡಿಯೇ. ಅಂಟಿಲ್ಲದ್ದರಿಂದ ಬಟ್ಟೆ ಬೀಸಿದರೆ ಹಾರಿಹೋಗುತ್ತದೆ. ತಪ್ಪು ಮಾಡಿ ತಿದ್ದುವ ಧೈರ್ಯ ಕೊಡುವುದು ಅದು. ಆದರೆ ಪೂರ್ತಿ ಕಪ್ಪು ಕೊಡುವುದಿಲ್ಲ. ಕಂಪ್ರೆಸ್ಡ್ ಚಾರ್ಕೋಲ್ ಇದ್ದಿಲ ಪುಡಿಗೆ ಅಂಟು ಬೆರೆಸಿ ಒತ್ತಿದ್ದು. ಅಮಾವಾಸ್ಯೆ ಕಪ್ಪು ಬರುತ್ತದೆ, ಆದರೆ ಒಮ್ಮೆ ಕೂತರೆ ಪೂರ್ತಿ ಏಳುವುದಿಲ್ಲ. ಹೊಸಬರು ಮಾಡುವ ದೊಡ್ಡ ತಪ್ಪು ಇದನ್ನು ಮೊದಲಿಗೇ ಹಿಡಿಯುವುದು. ಹುಬ್ಬು ಅರ್ಧ ಇಂಚು ಮೇಲೆ ಬಿದ್ದರೆ ಆ ಹುಬ್ಬು ಅಲ್ಲೇ ಖಾಯಂ. ಚಾರ್ಕೋಲ್ ಪೆನ್ಸಿಲ್ ಸಾಫ್ಟ್, ಮೀಡಿಯಂ, ಹಾರ್ಡ್ ಎಂದು ಬರುತ್ತದೆ. ಒಂದು ಸಾಫ್ಟ್ ಸಾಕು, ಕಣ್ಣಿನ ಅಂಚಿಗೂ ತುಟಿಯ ನಡುಗೆರೆಗೂ. ಶಾರ್ಪ್‌ನರಿಗೆ ಹಾಕಿದರೆ ಒಳಗಿನ ಕಡ್ಡಿ ತುಂಡುತುಂಡಾಗುತ್ತದೆ. ಬ್ಲೇಡಿನಿಂದ ಕೆತ್ತಿ, ಮರಳು ಕಾಗದದ ಮೇಲೆ ಮೊನೆ ಮಾಡಿ. ಆ ಮರಳು ಕಾಗದದ ಪುಡಿಯನ್ನು ಚೆಲ್ಲಬೇಡಿ, ಮುಂದೆ ಬೇಕು.

ಪೇಟೆಯ ಕಡ್ಡಿ ಸಿಗದಿದ್ದರೆ ಮನೆಯಲ್ಲೇ ಸುಟ್ಟುಕೊಳ್ಳಬಹುದು, ಇದಕ್ಕೆ ನಮ್ಮಲ್ಲೇ ಪರಂಪರೆ ಇದೆ. ಮೈಸೂರು ಶೈಲಿಯ ಚಿತ್ರಕಾರರು ಮೊದಲ ರೇಖೆ ಹಾಕುತ್ತಿದ್ದುದು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿದ ಇದ್ದಿಲಿನಿಂದ. ಹುಣಸೆಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಪೆನ್ಸಿಲ್ ದಪ್ಪದ ನೆಟ್ಟನೆಯ ಕಡ್ಡಿ ಆಯ್ದು, ತೊಗಟೆ ಸುಲಿದು, ಒಂದು ವಾರ ನೆರಳಿನಲ್ಲಿ ಒಣಗಿಸಿ, ನಾಲ್ಕು ಇಂಚಿಗೆ ಕತ್ತರಿಸಿ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು ಹಾಕಿ, ಬಯಲಿನಲ್ಲಿ ಕೆಂಡದ ಮೇಲಿಡಿ. ಮೊದಲು ಬಿಳಿ ಹೊಗೆ ಬರುತ್ತದೆ, ಆಮೇಲೆ ತೂತಿನಲ್ಲಿ ಕೆಲವೊಮ್ಮೆ ಸಣ್ಣ ಜ್ವಾಲೆ ಹತ್ತುತ್ತದೆ, ಕೊನೆಗೆ ಹೊಗೆ ನಿಲ್ಲುತ್ತದೆ. ನಿಂತ ಮೇಲೆ ಇಳಿಸಿ ಪೂರ್ತಿ ತಣ್ಣಗಾಗಲು ಬಿಡಿ, ರಾತ್ರಿಯಿಡೀ ಆದರೂ ಸರಿ. ಬಿಸಿ ಇರುವಾಗ ತೆರೆದರೆ ಗಾಳಿ ತಾಗಿ ಕಡ್ಡಿ ಹೊತ್ತಿಕೊಂಡು ಬೂದಿಯಾಗುತ್ತದೆ. ಹೊಗೆ ನಿಲ್ಲುವ ಮೊದಲೇ ಇಳಿಸಿದರೆ ಒಳಗೆ ಹಸಿ ಉಳಿದು ಕಂದು ಗೆರೆ ಬರುತ್ತದೆ, ಕಾಗದ ಗೀರುತ್ತದೆ. ಸರಿಯಾಗಿ ಬೆಂದ ಕಡ್ಡಿ ಮುರಿದಾಗ ಗಾಜಿನ ಬಳೆ ಮುರಿದ ಸದ್ದು ಬರುತ್ತದೆ. ಇಸ್ತ್ರಿ ಅಂಗಡಿಯ ಇದ್ದಿಲನ್ನು ನೇರವಾಗಿ ಬಳಸಬೇಡಿ. ಅದು ಗಟ್ಟಿ ಮರದ್ದು, ನಡುವೆ ಕಲ್ಲಿನಂಥ ಗಂಟು ಸಿಕ್ಕಿ ಕಾಗದ ಹರಿಯುತ್ತದೆ. ಕುಟ್ಟಿ, ಹಳೆ ಸೀರೆಯ ತುಂಡಿನಲ್ಲಿ ಜರಡಿ ಹಿಡಿದರೆ ಒಳ್ಳೆಯ ಪುಡಿಯಾಗುತ್ತದೆ.

ಆ ಪುಡಿಯಿಂದಲೇ ಚಿತ್ರ ಶುರು. ಬಿಳಿ ಕಾಗದದ ಮೇಲೆ ಕಪ್ಪು ಗೆರೆಯಿಂದ ಮುಖ ಶುರುಮಾಡುವ ಪದ್ಧತಿ ಬಿಳಿ ಚರ್ಮದವರ ಮುಖಕ್ಕೆ ಹೊಂದಿದ್ದು. ಅಲ್ಲಿ ಖಾಲಿ ಕಾಗದವೇ ಚರ್ಮ. ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಮುಖಗಳಿಗೆ ಹಾಗೆ ಮಾಡಿದರೆ ಮುಖ ಸುಣ್ಣ ಬಳಿದಂತಾಗುತ್ತದೆ, ಇಲ್ಲವೇ ಕೊನೆಗೆ ಇಡೀ ಕೆನ್ನೆಯನ್ನು ಕೊಳೆ ಮಾಡಬೇಕಾಗುತ್ತದೆ. ಎರಡು ಟೀ ಚಮಚ ಪುಡಿಯನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಅದ್ದಿ ಶೀಟಿನ ತುಂಬ ಸುತ್ತುಸುತ್ತಾಗಿ ಸವರಿ, ಮೋಡದ ದಿನದ ಆಕಾಶದಷ್ಟು ಬೂದು ಮಾಡಿಕೊಳ್ಳಿ. ಇನ್ನು ಮುಖದ ನಡು ಛಾಯೆ ಸಿದ್ಧವಾಗಿಯೇ ಇದೆ. ನೆರಳಿಗೆ ಕಡ್ಡಿ, ಬೆಳಕಿಗೆ ರಬ್ಬರು. ಕಪ್ಪು ಮುಖದ ಮೇಲೆ ಬೆಳಕು ಎಷ್ಟು ಚುರುಕಾಗಿ ಕೂರುತ್ತದೆ ಎಂಬುದು ಹೀಗೆ ಬರೆದಾಗ ಗೊತ್ತಾಗುತ್ತದೆ: ಹಣೆಯ ಒಂದು ಬದಿ, ಕೆನ್ನೆಮೂಳೆ, ಮೂಗಿನ ತುದಿ, ಕೆಳತುಟಿ.

ರಬ್ಬರನ್ನು ತಪ್ಪು ಅಳಿಸುವ ಸಾಮಾನು ಎಂದುಕೊಳ್ಳಬೇಡಿ, ಬಿಳಿ ಪೆನ್ಸಿಲ್ ಎಂದೇ ತಿಳಿಯಿರಿ. ಹಿಟ್ಟಿನಂತೆ ನಾದುವ ನೀಡಬಲ್ ರಬ್ಬರ್ ಒಂದು, ಗಟ್ಟಿ ಬಿಳಿ ಪ್ಲಾಸ್ಟಿಕ್ ರಬ್ಬರ್ ಇನ್ನೊಂದು. ಮೊದಲನೆಯದನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಪುಡಿ ಅದಕ್ಕೆ ಅಂಟಿಕೊಂಡು ಬರುತ್ತದೆ, ಅಂಚು ಮೆತ್ತಗಿರುತ್ತದೆ. ಎರಡನೆಯದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಮೊನೆ ಮಾಡಿದರೆ ನರೆಗೂದಲ ಎಳೆ, ಕಣ್ಣಿನ ಮಿಂಚು ಒಂದೇ ಏಟಿಗೆ. ನಮ್ಮ ಬೇಸಿಗೆಯಲ್ಲಿ ನೀಡಬಲ್ ರಬ್ಬರು ಅಂಟಂಟಾಗಿ ಕಾಗದಕ್ಕೇ ಹತ್ತಿಕೊಳ್ಳುತ್ತದೆ. ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೀರಿನ ಮಡಕೆಯ ಪಕ್ಕ ಇಟ್ಟರೆ ಸರಿ. ಅದು ಸಿಗದಿದ್ದರೆ ಬ್ರೆಡ್ಡಿನ ಒಳಭಾಗವನ್ನು ಉಂಡೆ ಮಾಡಿ ಬಳಸಬಹುದು, ಹಿಂದಿನವರು ಬಳಸುತ್ತಿದ್ದುದೂ ಅದನ್ನೇ. ಚೂರು ಉಳಿದರೆ ಇರುವೆ ಬರುತ್ತದೆ, ಚೆನ್ನಾಗಿ ಕೊಡವಿ. ಚಪಾತಿ ಹಿಟ್ಟು ಮಾತ್ರ ಬೇಡವೇ ಬೇಡ. ನೀರು, ಎಣ್ಣೆ ಎರಡೂ ಕಾಗದಕ್ಕೆ ಇಳಿದು ಕಲೆಯಾಗುತ್ತದೆ. ಅದೇ ಕಾರಣಕ್ಕೆ ಬೆರಳಿನಿಂದ ತಿಕ್ಕುವುದೂ ಬೇಡ. ಚರ್ಮದ ಜಿಡ್ಡು ಪುಡಿಯನ್ನು ಹಿಡಿದು ಕೂರಿಸುತ್ತದೆ, ಆಮೇಲೆ ಯಾವ ರಬ್ಬರಿಗೂ ಅದು ಬಗ್ಗುವುದಿಲ್ಲ. ಏಪ್ರಿಲ್‌ನಲ್ಲಿ ಫ್ಯಾನು ಹಾಕಿದರೆ ಪುಡಿ ಹಾರುತ್ತದೆ, ಹಾಕದಿದ್ದರೆ ಬೆವರು. ಅಂಗೈ ಕೆಳಗೆ ಒಂದು ಕರ್ಚೀಫು ಇಟ್ಟುಕೊಳ್ಳಿ, ಬೆವರಿನ ಹನಿ ಬಿದ್ದ ಕಡೆ ಇದ್ದಿಲು ಕರಿ ಮಚ್ಚೆಯಾಗಿ ಕಚ್ಚಿಕೊಳ್ಳುತ್ತದೆ.

ಇನ್ನು ಭಾವ. ಕನ್ನಡಿ ಮುಂದೆ ಎಲ್ಲರೂ ಹುಬ್ಬು ಗಂಟಿಕ್ಕಿ ನೆಟ್ಟನೋಟ ಬೀರುತ್ತಾರೆ. ಅದು ಅವರ ಭಾವವಲ್ಲ, ಗಮನವಿಟ್ಟು ನೋಡುವ ಕಷ್ಟ. ಬೇರೆ ಭಾವ ಬೇಕಾದರೆ ಅದನ್ನು ತುಂಡುತುಂಡಾಗಿ ಹಿಡಿಯಬೇಕು. ಅಳು, ಸಿಟ್ಟು, ಬೆರಗು ಯಾವುದೇ ಇರಲಿ, ಅರ್ಧ ನಿಮಿಷದೊಳಗೆ ಸ್ನಾಯು ಸೋತು ಮುಖವಾಡವಾಗುತ್ತದೆ. ಮೊದಲ 40 ನಿಮಿಷ ಸುಮ್ಮನಿರುವ ಮುಖದಲ್ಲೇ ತಲೆಯ ವಾಲು, ಕುತ್ತಿಗೆ, ಕಣ್ಣಿನ ಗುಳಿಗಳು, ದೊಡ್ಡ ನೆರಳು ಮುಗಿಸಿ. ಕಣ್ಣಿನ ಸಾಲು ತಲೆಯ ಅರ್ಧಕ್ಕೆ ಬಂದಿದೆಯೇ ನೋಡಿ, ಎಲ್ಲರೂ ಅದನ್ನು ಮೇಲಕ್ಕೆ ಹಾಕಿ ಹಣೆ ಕದಿಯುತ್ತಾರೆ. ಆಮೇಲೆ ಭಾವವನ್ನು 20 ಸೆಕೆಂಡು ಹಿಡಿದು ಹುಬ್ಬು ಮಾತ್ರ ನೋಡಿ, ಬಿಟ್ಟು ಬರೆಯಿರಿ. ಮತ್ತೆ ಹಿಡಿದು ಕೆಳರೆಪ್ಪೆ. ಮತ್ತೆ ಹಿಡಿದು ಮೂಗಿನಿಂದ ಬಾಯಂಚಿಗೆ ಇಳಿಯುವ ಮಡಿಕೆ. ಬಾಯಿ ಕೊನೆಗೆ. ಹುಬ್ಬೂ ಕೆಳರೆಪ್ಪೆಯೂ ಸರಿಯಾಗಿದ್ದರೆ ಬಾಯಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಡಚ್ ಚಿತ್ರಕಾರ ರೆಂಬ್ರಾಂಟ್ 1630ರಲ್ಲಿ ಕನ್ನಡಿ ಮುಂದೆ ಬೆರಗು, ಸಿಟ್ಟು, ನಗು ನಟಿಸಿ ಮಾಡಿದ ಎಚಿಂಗ್‌ಗಳಲ್ಲಿ (ಲೋಹದ ತಗಡಿನಲ್ಲಿ ಆಮ್ಲದಿಂದ ಕೊರೆದು ತೆಗೆದ ಅಚ್ಚುಗಳಲ್ಲಿ) ಕೆಲವು ಐದು ಸೆಂಟಿಮೀಟರಿನಷ್ಟು ಮಾತ್ರ. ಅವನ್ನು ದೊಡ್ಡದು ಮಾಡಿ ನೋಡಿದರೆ ಹುಬ್ಬಿನ ಕೆಲಸ ಎಷ್ಟೆಂದು ತಿಳಿಯುತ್ತದೆ.

ಕಣ್ಣಿನ ಬಿಳಿ ಬಿಳಿಯಲ್ಲ. ಮೇಲ್ರೆಪ್ಪೆಯ ನೆರಳು ಬಿದ್ದು ಅದು ಬೂದು. ಹಾಗೆ ಬಿಟ್ಟರೆ ಮಾತ್ರ ಪಾಪೆಯ ಮಿಂಚು ಮಿಂಚುತ್ತದೆ. ಹಲ್ಲಿಗೆ ಒಂದೊಂದಾಗಿ ಗೆರೆ ಎಳೆದರೆ ಬಾಚಣಿಗೆ. ಕೂದಲು ಒಂದೇ ಕಪ್ಪು ರಾಶಿ, ಅಂಚಿನಲ್ಲಿ ಮಾತ್ರ ಎಳೆ. ಎಲ್ಲವನ್ನೂ ಒಂದೇ ನಯಕ್ಕೆ ತಿಕ್ಕಿದ ಚಿತ್ರ ಹೊಗೆ ಹಿಡಿದ ಫೋಟೊದಂತಿರುತ್ತದೆ. ಭಾವದ ಚಿತ್ರದಲ್ಲಿ ಗೆರೆಯ ವೇಗ ಉಳಿಯಬೇಕು. ಜರ್ಮನಿಯ ಕ್ಯಾಥೆ ಕೋಲ್ವಿಟ್ಸ್ 1933ರಲ್ಲಿ ತಾವು ಚಿತ್ರ ಬರೆಯುತ್ತಿರುವುದನ್ನೇ ಇದ್ದಿಲಿನಲ್ಲಿ ಬರೆದುಕೊಂಡಿದ್ದಾರೆ. ಮುಖ ಗಟ್ಟಿಯಾಗಿದೆ. ತೋಳು ಮಾತ್ರ ಕಡ್ಡಿಯ ಅಡ್ಡ ಬದಿಯಿಂದ ಎಳೆದ ಅಂಕುಡೊಂಕು ಗೀಚು. ಆ ಗೀಚಿನಲ್ಲೇ ಇಡೀ ಕೈಯ ಬಲ ಇದೆ. ಹಾಗೆ ಒಂದು ಭಾಗವನ್ನಾದರೂ ತಿಕ್ಕದೆ ಬಿಡಿ: ಭುಜ, ಕೊರಳಪಟ್ಟಿ, ಕೂದಲ ಅಂಚು. ಕಂಪ್ರೆಸ್ಡ್ ಕಡ್ಡಿ ಹಿಡಿಯುವುದು ಕೊನೆಯ ಹತ್ತು ನಿಮಿಷ, ಹೊಳ್ಳೆ, ತುಟಿಗಳ ನಡುವೆ, ಪಾಪೆ, ಕಿವಿಯ ಹಿಂದೆ, ಕಂಬಳಿಗೆ ತಾಗುವ ಕೂದಲು. ಇಷ್ಟೇ.

ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಬಗ್ಗೆ ಅಷ್ಟು ಉತ್ಸಾಹ ಇಲ್ಲ, ಆದರೆ ಬೇಕು. ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಒಂದಡಿಗಿಂತ ದೂರದಿಂದ, ಚಿತ್ರದ ಹೊರಗೇ ಸ್ಪ್ರೇ ಶುರುಮಾಡಿ ಅಡ್ಡಕ್ಕೆ ಸಾಗಿಸಿ ಹೊರಗೇ ನಿಲ್ಲಿಸಿ. ತೆಳುವಾಗಿ ಮೂರು ಸಲ, ನಡುವೆ ಹತ್ತು ನಿಮಿಷ ಒಣಗಲಿ. ಹತ್ತಿರದಿಂದ ಒಂದೇ ಸಲ ಹೊಡೆದರೆ ಹನಿ ಇಳಿಯುತ್ತದೆ. ಸರಿಯಾಗಿ ಹೊಡೆದರೂ ನಡು ಛಾಯೆ ಒಂದಿಷ್ಟು ಕಪ್ಪಾಗುತ್ತದೆ, ಆದ್ದರಿಂದ ಬೆಳಕಿನ ಜಾಗಗಳನ್ನು ಮೊದಲೇ ಒಂದಿಷ್ಟು ಹೆಚ್ಚು ತೆಗೆದಿಟ್ಟಿರಿ. ಬೇಗ ಹೊತ್ತಿಕೊಳ್ಳುವ ವಸ್ತು ಅದು. ಮಾಳಿಗೆಯ ಮೇಲೆ ಹೊಡೆಯಿರಿ, ಅಡಿಗೆಮನೆ ಹಾಗೂ ದೇವರ ದೀಪದ ಹತ್ತಿರ ಖಂಡಿತ ಬೇಡ. ಹೇರ್ ಸ್ಪ್ರೇ ಸಾಕು ಎನ್ನುವ ಸಲಹೆಯನ್ನು ನಂಬಬೇಡಿ, ಕಾಲ ಕಳೆದಂತೆ ಹಳದಿ ತಿರುಗುತ್ತದೆ.

ಕಟ್ಟು ಹಾಕಿಸುವುದು ಕೊನೆಯ ಅಪಾಯ. ದೇವರ ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜನ್ನು ಚಿತ್ರದ ಮೈಗೇ ಒತ್ತಿ ಮೊಳೆ ಹೊಡೆಯುವುದು ರೂಢಿ. ಅಚ್ಚಾದ ಪಟಕ್ಕೆ ಅದರಿಂದ ತೊಂದರೆಯಿಲ್ಲ. ಇದ್ದಿಲಾದರೆ ಅರ್ಧ ಗಾಜಿಗೆ ಅಂಟುತ್ತದೆ. ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಾಗಿ ಕೂರುವ ದಪ್ಪ ರಟ್ಟು) ಕತ್ತರಿಸಿ ಹಾಕಿ, ಗಾಜಿಗೂ ಚಿತ್ರಕ್ಕೂ ಮೂರು ಮಿಲಿಮೀಟರ್ ಬಿಡುವು ಇರಲಿ ಎಂದು ಹೇಳಿ, ಎದುರಿಗೆ ನಿಂತೇ ಮಾಡಿಸಿ. ಅಕ್ರಿಲಿಕ್ ಹಾಳೆ ಹಗುರ ಎಂದರೆ ಒಪ್ಪಬೇಡಿ. ಅದನ್ನು ಒರೆಸಿದಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಪುಡಿಯನ್ನು ಚಿತ್ರದಿಂದ ಎಳೆದುಕೊಳ್ಳುತ್ತದೆ. ಮೌಂಟಿನ ಕೆಳಗಂಚಿನ ಹಿಂದೆ ಒಂದು ರಟ್ಟಿನ ಪಟ್ಟಿಯನ್ನು ಅಂಚಿಗಿಂತ ಅರ್ಧ ಸೆಂಟಿಮೀಟರ್ ಒಳಕ್ಕೆ ಸರಿಸಿ ಅಂಟಿಸಿದರೆ, ಉದುರುವ ಪುಡಿ ಆ ಸಂದಿಯೊಳಗೆ ಬಿದ್ದು ಬಿಳಿ ಮೌಂಟಿನ ಮೇಲೆ ಕಾಣಿಸುವುದಿಲ್ಲ.